ಪಣಂಬೂರಿನ ಆಳ, ಬಜಪೆಯ ಅಂಚು

ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಕಡಲು ಸೇರುವ ಅಳಿವೆಯಲ್ಲಿ ಹೂಳು ತುಂಬುವುದು ಇವತ್ತಿನ ಸಮಸ್ಯೆಯಲ್ಲ. ದೊಡ್ಡ ಹಡಗುಗಳು ಮಂಗಳೂರಿನ ಹಳೆ ಬಂದರಿನವರೆಗೆ ಬರಲಾಗದೆ ಹೊರಗೆ ಕಡಲಲ್ಲೇ ಲಂಗರು ಹಾಕುತ್ತಿದ್ದವು. ಸರಕು ದೋಣಿಗಳಲ್ಲಿ ಹೋಗಿ ಬರುತ್ತಿತ್ತು. ಅದಕ್ಕೆ ಪರಿಹಾರವಾಗಿ ಉತ್ತರಕ್ಕೆ ಸುಮಾರು 10 ಕಿ.ಮೀ. ದೂರದ ಪಣಂಬೂರಿನಲ್ಲಿ ನೆಲವನ್ನೇ ತೋಡಿ ಸಮುದ್ರವನ್ನು ಒಳಗೆ ಕರೆತಂದರು. 1974ರ ಮೇ 4ರಂದು ನವಮಂಗಳೂರು ಬಂದರು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಣೆಯಾಯಿತು. ಮರುವರ್ಷ ಜನವರಿ 11ರಂದು ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. ವಿಮಾನ ನಿಲ್ದಾಣ ಇನ್ನೂ ಹಳೆಯದು. 1951ರ ಡಿಸೆಂಬರ್ 25ರಂದು ನೆಹರೂ ಅವರ ವಿಮಾನ ಬಜಪೆಯ ಗುಡ್ಡದ ಮೇಲೆ ಇಳಿದಾಗ ಅದು ಶುರುವಾಯಿತು. ಎರಡರ ಹಿಂದೆಯೂ ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರ ಹಟವಿತ್ತು. ಬಂದರು ಉದ್ಘಾಟನೆಯಾಗುವ ಹೊತ್ತಿಗೆ ಅವರು ಇರಲಿಲ್ಲ.

ಒಂದು ಕಡೆ ಅಗೆದ ನೆಲ, ಇನ್ನೊಂದು ಕಡೆ ಸಮತಟ್ಟು ಮಾಡಿದ ಗುಡ್ಡ. ಎರಡೂ ಪ್ರಕೃತಿ ಕೊಟ್ಟವಲ್ಲ. ಹಾಗಾಗಿ ಇಲ್ಲಿ 'ಮೇಲ್ದರ್ಜೆಗೆ' ಎಂಬ ಸುದ್ದಿ ಬಂದಾಗಲೆಲ್ಲ ನಾನು ಮೊದಲು ಹುಡುಕುವುದು ಕಟ್ಟಡದ ಚಿತ್ರವನ್ನಲ್ಲ, ಕಣ್ಣಿಗೆ ಬೀಳದ ಮೀಟರುಗಳನ್ನು: ಹಡಗಿನ ಅಡಿಯ ನೀರು ಎಷ್ಟು, ರನ್‌ವೇ ಮುಗಿದ ಮೇಲೆ ಉಳಿಯುವ ನೆಲ ಎಷ್ಟು.

ಪಣಂಬೂರಿನಲ್ಲಿ ಹಡಗು ಬರುವ ಕಾಲುವೆಯ ಆಳ 15 ಮೀಟರಿನ ಆಸುಪಾಸು. ಪ್ರತಿ ಮಳೆಗಾಲದ ಅಲೆಗಳು ಕೆಸರು ಮರಳು ತಂದು ಅದರಲ್ಲಿ ಸುರಿಯುತ್ತವೆ, ಮಳೆ ನಿಂತ ಮೇಲೆ ಡ್ರೆಜರ್ ಬಂದು ಅದನ್ನು ಎತ್ತಿ ಹೊರಗಿನ ಆಳ ಕಡಲಿಗೆ ಹಾಕುತ್ತದೆ. ಈ ಖರ್ಚಿಗೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಆದರೆ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರಕ್ಕೆ ಕಚ್ಚಾತೈಲ ತರುವ ಹಡಗಾಗಲಿ, ಕಲ್ಲಿದ್ದಲು ತರುವ ಹಡಗಾಗಲಿ ತುಂಬು ಹೊರೆ ಹೊತ್ತು ಒಳಬರಬೇಕಾದರೆ ಈ ಕೆಲಸ ತಪ್ಪುವಂತಿಲ್ಲ. 2022ರ ಸೆಪ್ಟೆಂಬರ್ 2ರಂದು ಪ್ರಧಾನಿ ಮೋದಿಯವರು ಮಂಗಳೂರಿನಲ್ಲಿ ಸುಮಾರು 3,800 ಕೋಟಿ ರೂಪಾಯಿಯ ಕಾಮಗಾರಿಗಳಿಗೆ ಚಾಲನೆ ಕೊಟ್ಟರು. ಕಂಟೇನರಿಗಾಗಿ ಯಾಂತ್ರೀಕರಿಸಿದ 14ನೇ ಬರ್ತ್ ಅವತ್ತು ಉದ್ಘಾಟನೆಯಾಯಿತು. ಕುಳಾಯಿಯ ಮೀನುಗಾರಿಕಾ ಬಂದರಿಗೆ ಅವತ್ತೇ ಶಿಲಾನ್ಯಾಸವಾಯಿತು.

ಕುಳಾಯಿ ಯಾಕೆ ಬೇಕು ಎಂದು ತಿಳಿಯಬೇಕಾದರೆ ಜೂನ್ ತಿಂಗಳಲ್ಲಿ ಹಳೆ ಬಂದರಿನ ಧಕ್ಕೆಗೆ ಹೋಗಬೇಕು. ಮೀನುಗಾರಿಕೆ ನಿಷೇಧದ 61 ದಿನ ಯಾಂತ್ರಿಕ ಬೋಟುಗಳೆಲ್ಲ ದಡದಲ್ಲಿರುತ್ತವೆ. ಒಂದರ ಮೈಗೆ ಇನ್ನೊಂದು ತಾಗಿ ಸಾಲು ಸಾಲಾಗಿ ನಿಂತ ಬೋಟುಗಳ ಮೇಲೆಯೇ ಹೆಜ್ಜೆ ಹಾಕುತ್ತ ಹೊಳೆಯ ನಡುವಿನತ್ತ ಸಾಗಬಹುದು. ಬೋಟಿನ ಅಂಚಿಗೆ ಕಟ್ಟಿದ ಹಳೆ ಟೈರುಗಳು ಅಲೆಗೆ ಉಜ್ಜಿ ಕಿರುಗುಟ್ಟುತ್ತಿರುತ್ತವೆ. ಆಗಸ್ಟ್‌ನಲ್ಲಿ ಇವೆಲ್ಲ ಅದೇ ಹೂಳಿನ ಅಳಿವೆ ಬಾಗಿಲು ದಾಟಿ ಕಡಲಿಗೆ ಇಳಿಯಬೇಕು. ಲಕ್ಷದ್ವೀಪಕ್ಕೆ ತರಕಾರಿ, ಸಿಮೆಂಟು, ಜಲ್ಲಿ ಒಯ್ಯುವ ಮಂಜಿ ಎಂಬ ಸರಕು ನಾವೆಗಳಿಗೂ ಅದೇ ದಾರಿ. ನನ್ನ ಮಟ್ಟಿಗೆ, ದೊಡ್ಡ ಬಂದರಿನ ಒಂದು ಕ್ರೇನಿಗಿಂತ ಈ ಬಾಗಿಲಿನ ಹೂಳೆತ್ತುವುದು ಹೆಚ್ಚು ತುರ್ತು.

ಇನ್ನು ಗುಡ್ಡದ ಮೇಲೆ. ಬಜಪೆಯ ಮೊದಲ ರನ್‌ವೇ ಸುಮಾರು 1,600 ಮೀಟರ್ ಉದ್ದವಿತ್ತು. 1981ರ ಆಗಸ್ಟ್‌ನಲ್ಲಿ ಒಂದು ಆವ್ರೊ ವಿಮಾನ ಅದನ್ನು ದಾಟಿ ಇಳಿಜಾರಿನ ಅಂಚಿಗೆ ಹೋಗಿ ನಿಂತಿತು, ಯಾರೂ ಸಾಯಲಿಲ್ಲ. 2,450 ಮೀಟರಿನ ಕಾಂಕ್ರೀಟ್ ರನ್‌ವೇ ಬಂದದ್ದು 2006ರಲ್ಲಿ, ಕೆಂಜಾರಿನ ಹೊಸ ಟರ್ಮಿನಲ್ 2010ರ ಮೇ 15ರಂದು. ಅದಾಗಿ ಒಂದೇ ವಾರಕ್ಕೆ, ಮೇ 22ರ ಬೆಳಗ್ಗೆ, ದುಬೈನಿಂದ ಬಂದ ವಿಮಾನ ರನ್‌ವೇಯ ಅರ್ಧಕ್ಕಿಂತ ಹೆಚ್ಚು ಭಾಗ ಕಳೆದ ಮೇಲೆ ನೆಲ ಮುಟ್ಟಿತು. ನಿಲ್ಲಲಾಗದೆ ಮುಂದೆ ಹೋಗಿ, ಅಂಟೆನಾ ನಿಲ್ಲಿಸಿದ್ದ ಕಾಂಕ್ರೀಟ್ ಕಟ್ಟೆಗೆ ರೆಕ್ಕೆ ಬಡಿದು ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು 8 ಮಂದಿ. ತಪ್ಪು ಮುಖ್ಯವಾಗಿ ವಿಮಾನ ಇಳಿಸಿದ ರೀತಿಯಲ್ಲಿತ್ತೆಂದು ತನಿಖೆ ಹೇಳಿತು, ಅದು ಸರಿ. ಆದರೆ ಮನುಷ್ಯ ತಪ್ಪಿದಾಗ ಹಿಡಿದು ನಿಲ್ಲಿಸುವ ನೆಲ ಅಲ್ಲಿ ಇನ್ನಷ್ಟು ಇರಬೇಕಿತ್ತು ಎಂಬ ಮಾತನ್ನು ಬಿಡಲಾಗದು. ರನ್‌ವೇ ಪಟ್ಟಿಯ ಆಚೆ ಕನಿಷ್ಠ 90 ಮೀಟರ್ ಸುರಕ್ಷತಾ ಜಾಗ ಬೇಕೆಂಬುದು ಅಂತರರಾಷ್ಟ್ರೀಯ ನಿಯಮ, 240 ಮೀಟರ್ ಇದ್ದರೆ ಒಳ್ಳೆಯದೆಂಬುದು ಶಿಫಾರಸು. ಟೇಬಲ್‌ಟಾಪ್ ನಿಲ್ದಾಣದಲ್ಲಿ ಈ ಎರಡರ ನಡುವಿನ 150 ಮೀಟರ್ ಎಂದರೆ ಕಣಿವೆಯಿಂದ ಮಣ್ಣು ಏರಿಸುತ್ತ ಬರಬೇಕಾದ ಕೆಲಸ. ಅದಕ್ಕೆ ಭೂಮಿ ಬೇಕು, ಕೋಟಿಗಟ್ಟಲೆ ಹಣ ಬೇಕು. ಪ್ರಯಾಣಿಕನಿಗೆ ಅದು ಕಾಣುವುದೂ ಇಲ್ಲ.

2020ರ ಅಕ್ಟೋಬರ್ ಕೊನೆಗೆ ನಿಲ್ದಾಣ 50 ವರ್ಷದ ಗುತ್ತಿಗೆಯ ಮೇಲೆ ಅದಾನಿ ಸಂಸ್ಥೆಯ ಕೈಗೆ ಬಂತು. 2023ರ ಮೊದಲ ತಿಂಗಳುಗಳಲ್ಲಿ ರನ್‌ವೇಗೆ ಹೊಸ ಡಾಂಬರು ಹೊದಿಕೆ ಹಾಕಿದ ಬಗೆ ಮೆಚ್ಚುವಂಥದ್ದು. ಬೆಳಗ್ಗೆ 9.30ರಿಂದ ಸಂಜೆ 6ರವರೆಗೆ ವಿಮಾನ ಬಂದ್, ಆಮೇಲೆ ಎಂದಿನಂತೆ ಓಡಾಟ. ಅಂದಂದು ಹಾಕಿದ ಪದರದ ತುದಿಯನ್ನು ಸಣ್ಣ ಇಳಿಜಾರು ಮಾಡಿ ಹಳೆ ಮೈಗೆ ಸೇರಿಸಬೇಕು, ರೋಲರ್ ಓಡಿಸಬೇಕು, ಆರಿಸಬೇಕು, ಒಂದು ಕಲ್ಲೂ ಉಳಿಯದಂತೆ ಗುಡಿಸಬೇಕು. ಇಷ್ಟೆಲ್ಲ ಆದ ಮೇಲೆ ಅದೇ ಸಂಜೆ ಅದರ ಮೇಲೆ ಜನ ತುಂಬಿದ ವಿಮಾನ ಇಳಿಯಬೇಕು!

ಮತ್ತೆ ಬಂದರಿಗೆ ಬರೋಣ. ಅದಕ್ಕಾಗಿ ಊರು ಬಿಟ್ಟವರಿಗೆ ಕಾಟಿಪಳ್ಳದಲ್ಲಿ ನಿವೇಶನ ಸಿಕ್ಕಿತು. ಪಣಂಬೂರಿನ ಮನೆಯೂ ತೋಟವೂ ಹಡಗು ನಿಲ್ಲುವ ನೀರಾದವು. ಅವರು ತೆತ್ತ ಬೆಲೆಗೆ ತಕ್ಕ ಕೆಲಸ ಬಂದರು ಮಾಡುತ್ತಿದೆಯೇ ಎಂದು ನೋಡಿದರೆ ಕಣ್ಣು ಘಟ್ಟದ ಕಡೆಗೇ ಹೋಗುತ್ತದೆ. ಚಿಕ್ಕಮಗಳೂರು, ಕೊಡಗಿನ ಕಾಫಿ ಇಲ್ಲಿಂದ ಹೊರಡುತ್ತದೆ, ನಿಜ. ಆದರೆ ಬೆಂಗಳೂರಿನ ಕಾರ್ಖಾನೆಗಳ ಕಂಟೇನರುಗಳಲ್ಲಿ ಬಹುಪಾಲು ಚೆನ್ನೈಗೆ ಹೋಗುತ್ತವೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಜಾರಿದರೆ ಲಾರಿಗಳು ಸಕಲೇಶಪುರದಲ್ಲೇ ಸಾಲುಗಟ್ಟುತ್ತವೆ. ಬಿ.ಸಿ. ರೋಡಿನಿಂದ ಅಡ್ಡಹೊಳೆಯವರೆಗಿನ ಚತುಷ್ಪಥ ಎಷ್ಟೋ ವರ್ಷ ಎಳೆಯಿತು. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ಸುಮಾರು 55 ಕಿ.ಮೀ. ರೈಲು ದಾರಿಯಲ್ಲಿ ಏರು 50ಕ್ಕೆ ಒಂದು. ಭಾರದ ಗೂಡ್ಸ್ ಗಾಡಿಗೆ ಹೆಚ್ಚುವರಿ ಎಂಜಿನ್ ಜೋಡಿಸದೆ ಅದು ಹತ್ತುವುದಿಲ್ಲ. ಘಟ್ಟದ ದಾರಿಯ ಈ ತೊಡಕುಗಳು ಬಗೆಹರಿಯುವವರೆಗೆ 14ನೇ ಬರ್ತ್‌ನ ಕ್ರೇನುಗಳಿಗೆ ಅವುಗಳ ಶಕ್ತಿಗೆ ತಕ್ಕಷ್ಟು ಕಂಟೇನರು ಸಿಗುವುದು ಕಷ್ಟ.