ಬಾಡಿಗೆ ಕಟ್ಟಡದ ಪಾಲನ್ನು ಮಕ್ಕಳಿಗೆ ದಾನ ಮಾಡುವ ಮುನ್ನ

ನಮ್ಮ ಕರಾವಳಿಯಲ್ಲಿ ಜೀವಮಾನದ ದುಡಿಮೆಯಿಂದ ನಾಲ್ಕು ಅಂಗಡಿ ಕೋಣೆಗಳನ್ನೋ ಬಾಡಿಗೆ ಮನೆಗಳನ್ನೋ ಕಟ್ಟಿಸಿಕೊಂಡ ಹಿರಿಯರು ಅನೇಕರಿದ್ದಾರೆ. ವಯಸ್ಸಾದಂತೆ "ಮಕ್ಕಳ ಹೆಸರಿಗೆ ಸ್ವಲ್ಪ ಪಾಲು ಬರೆದುಕೊಟ್ಟರೆ ತೆರಿಗೆಯೂ ಉಳಿಯುತ್ತದೆ, ಮುಂದೆ ಜಗಳವೂ ಇರುವುದಿಲ್ಲ" ಎಂಬ ಆಲೋಚನೆ ಬರುವುದು ಸಹಜ. ಆದರೆ ಒಮ್ಮೆ ನೋಂದಣಿಯಾದ ದಾನಪತ್ರವನ್ನು ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಆದುದರಿಂದ ಸಹಿ ಹಾಕುವ ಮುನ್ನ ಕೆಲವು ವಿಷಯಗಳನ್ನು ತಿಳಿದುಕೊಳ್ಳುವುದು ಒಳ್ಳೆಯದು.

ದಾನಕ್ಕೆ ತೆರಿಗೆ ಇದೆಯೇ?

ದಾನ ಕೊಡುವವರ ಮೇಲಿದ್ದ ದಾನ ತೆರಿಗೆ 1998ರ ಅಕ್ಟೋಬರ್ 1ರಿಂದ ರದ್ದಾಗಿದೆ. ಈಗ ಹೊರಗಿನವರಿಂದ 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿ ಉಚಿತವಾಗಿ ಬಂದರೆ ಪಡೆದವರು ಅದನ್ನು ತಮ್ಮ ಆದಾಯವೆಂದು ತೋರಿಸಬೇಕು. ಆದರೆ ತಂದೆತಾಯಿ, ಅಜ್ಜ ಅಜ್ಜಿ, ಪತಿ ಪತ್ನಿ, ಒಡಹುಟ್ಟಿದವರು ಮೊದಲಾದ ಸಂಬಂಧಿಕರಿಂದ ಬಂದದ್ದಕ್ಕೆ ಮೌಲ್ಯ ಎಷ್ಟೇ ಇರಲಿ, ತೆರಿಗೆ ಇಲ್ಲ. ಹೆತ್ತವರು ಮಕ್ಕಳಿಗೆ ಕೊಟ್ಟ ಪಾಲಿಗೆ ಇಬ್ಬರ ಮೇಲೂ ತೆರಿಗೆ ಬೀಳುವುದಿಲ್ಲ. ಹೆತ್ತವರಿಂದ ಮಕ್ಕಳಿಗೆ ಮಾಡುವ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕವೂ ಆಸ್ತಿಯ ಬೆಲೆಯ ಮೇಲಲ್ಲ, ನಿಗದಿತ ಸಣ್ಣ ಮೊತ್ತವಾಗಿರುತ್ತದೆ. ಈಗಿನ ದರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಬಹುದು.

ಬಾಡಿಗೆ ಯಾರ ಆದಾಯ?

ನಿಜವಾದ ಪ್ರಶ್ನೆ ಇದು. ಪ್ರಾಯಕ್ಕೆ ಬಂದ ಮಗ ಅಥವಾ ಮಗಳಿಗೆ ಪಾಲು ಕೊಟ್ಟರೆ ಆ ಪಾಲಿನ ಬಾಡಿಗೆ ಮುಂದೆ ಅವರದೇ ಆದಾಯ. ದಾನಪತ್ರದಲ್ಲಿ "ನಾಲ್ಕನೇ ಒಂದು ಪಾಲು" ಎಂದು ಸ್ಪಷ್ಟವಾಗಿ ಬರೆದಿದ್ದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಪಾಲಿಗೆ ಮಾತ್ರ ಲೆಕ್ಕ ಕೊಟ್ಟರೆ ಸಾಕು. ಆದರೆ ಈ ಕೆಳಗಿನ ಸಂದರ್ಭಗಳಲ್ಲಿ ಪಾಲು ಕೊಟ್ಟರೂ ಬಾಡಿಗೆ ಕೊಟ್ಟವರ ಲೆಕ್ಕಕ್ಕೇ ಸೇರುತ್ತದೆ:

1. 18 ವರ್ಷ ತುಂಬದ ಮಕ್ಕಳಿಗೆ ಕೊಟ್ಟಾಗ.
2. ಪತಿ ಪತ್ನಿಗೆ ಅಥವಾ ಪತ್ನಿ ಪತಿಗೆ ಕೊಟ್ಟಾಗ.
3. ಸೊಸೆಗೆ, ಅಂದರೆ ಮಗನ ಹೆಂಡತಿಗೆ ಕೊಟ್ಟಾಗ.
4. "ಬೇಕಾದಾಗ ಹಿಂದಕ್ಕೆ ಪಡೆಯುತ್ತೇನೆ" ಅಥವಾ "ನನ್ನ ಜೀವಮಾನವಿಡೀ ಬಾಡಿಗೆ ನನಗೇ ಬರಬೇಕು" ಎಂದು ಹಕ್ಕು ಇಟ್ಟುಕೊಂಡಾಗ.
5. ಪಾಲನ್ನು ಬರೆದುಕೊಡದೆ, ಬಾಡಿಗೆದಾರನಿಗೆ "ಇನ್ನು ಮಗನ ಖಾತೆಗೆ ಹಣ ಹಾಕು" ಎಂದಷ್ಟೇ ಹೇಳಿದಾಗ.

ಕೊನೆಯದು ಬಹಳ ಮನೆಗಳಲ್ಲಿ ಕಾಣುವಂಥದ್ದು. ಆಸ್ತಿ ನಿಮ್ಮ ಹೆಸರಿನಲ್ಲಿರುವ ತನಕ ಹಣ ಯಾರ ಖಾತೆಗೆ ಹೋದರೂ ತೆರಿಗೆ ಲೆಕ್ಕ ನಿಮ್ಮದೇ.

ನಿಜವಾಗಿ ಎಷ್ಟು ಉಳಿಯುತ್ತದೆ?

ಒಂದು ಲೆಕ್ಕ ನೋಡೋಣ. ಕಟ್ಟಡದ ಬಾಡಿಗೆ ತಿಂಗಳಿಗೆ 60,000, ವರ್ಷಕ್ಕೆ 7,20,000 ರೂಪಾಯಿ ಎಂದಿಟ್ಟುಕೊಳ್ಳಿ. ಮಾಲೀಕರು ಕಟ್ಟಿದ ಕಟ್ಟಡ ತೆರಿಗೆ 20,000 ಕಳೆದರೆ 7,00,000 ಉಳಿಯುತ್ತದೆ. ಅದರಲ್ಲಿ ದುರಸ್ತಿ ಮುಂತಾದ ಖರ್ಚಿಗೆಂದು ಕಾನೂನೇ ಶೇ. 30 ಅಂದರೆ 2,10,000 ಕಳೆಯಲು ಬಿಡುತ್ತದೆ. ಉಳಿದ 4,90,000 ತೆರಿಗೆಗೆ ಒಳಪಡುವ ಆದಾಯ.

ತಂದೆ ಅರ್ಧ ಇಟ್ಟುಕೊಂಡು ಇಬ್ಬರು ಮಕ್ಕಳಿಗೆ ಕಾಲುಭಾಗದಂತೆ ಕೊಟ್ಟರೆ ತಂದೆಗೆ 2,45,000, ಮಕ್ಕಳಿಗೆ ತಲಾ 1,22,500 ಬರುತ್ತದೆ. ಮಗ ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದ ಕೆಲಸದಲ್ಲಿದ್ದು ಶೇ. 30ರ ಹಂತದಲ್ಲಿದ್ದರೆ ತನ್ನ ಪಾಲಿಗೆ ಸೆಸ್ ಸೇರಿ 38,220 ರೂಪಾಯಿ ತೆರಿಗೆ ಕಟ್ಟಬೇಕಾಗುತ್ತದೆ. ತಂದೆಯ ಸ್ಥಿತಿ ಬೇರೆ. 2025–26ನೇ ಸಾಲಿನಿಂದ ಹೊಸ ತೆರಿಗೆ ಪದ್ಧತಿಯಲ್ಲಿ ಭಾರತದ ನಿವಾಸಿಗಳಿಗೆ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಅವರಿಗೆ ವರ್ಷಕ್ಕೆ 3 ಲಕ್ಷ ಪಿಂಚಣಿ ಇದ್ದು, ಬಾಡಿಗೆ ಪೂರ್ತಿ ಅವರಲ್ಲೇ ಉಳಿದಿದ್ದರೂ ಕಟ್ಟಬೇಕಾದದ್ದು ಸೊನ್ನೆ! ಇಲ್ಲಿ ದಾನದಿಂದ ಕುಟುಂಬದ ತೆರಿಗೆ ಇಳಿಯಲಿಲ್ಲ, ಏರಿತು. ತಂದೆಯ ಆದಾಯ ಹೆಚ್ಚಿದ್ದು ಮಕ್ಕಳ ಆದಾಯ ಕಡಿಮೆ ಇದ್ದಾಗ ಮಾತ್ರ ಉಳಿತಾಯ.

ಮಕ್ಕಳು ವಿದೇಶದಲ್ಲಿದ್ದರೆ

ಗಲ್ಫ್ ಮೊದಲಾದ ಕಡೆ ಇರುವ ಅನಿವಾಸಿ ಭಾರತೀಯ ಮಕ್ಕಳಿಗೆ ಮನೆ ಅಥವಾ ಅಂಗಡಿಯ ಪಾಲನ್ನು ದಾನ ಮಾಡಬಹುದು. ಆದರೆ ಕೃಷಿ ಭೂಮಿ, ತೋಟ, ತೋಟದ ಮನೆಗಳನ್ನು ಅವರು ದಾನವಾಗಿ ಪಡೆಯುವಂತಿಲ್ಲ, ಉತ್ತರಾಧಿಕಾರದಿಂದ ಪಡೆಯಬಹುದು. ಬಾಡಿಗೆ ಕಟ್ಟಡ ಅಡಿಕೆ ಅಥವಾ ತೆಂಗಿನ ತೋಟದ ಪಹಣಿಯೊಳಗೇ ಇದ್ದರೆ ಈ ವಿಷಯವನ್ನು ಮೊದಲೇ ನೋಡಿಕೊಳ್ಳಬೇಕು.

ಮೇಲೆ ಹೇಳಿದ 12 ಲಕ್ಷದ ರಿಯಾಯಿತಿ ಅನಿವಾಸಿಗಳಿಗಿಲ್ಲ. ಅವರ ಪಾಲಿನ ಬಾಡಿಗೆ ಕೊಡುವಾಗ ಬಾಡಿಗೆದಾರನು ಸಾಮಾನ್ಯವಾಗಿ ಶೇ. 30 ಮತ್ತು ಸೆಸ್ ಮುರಿದು ಸರ್ಕಾರಕ್ಕೆ ಕಟ್ಟಬೇಕು. ಹೆಚ್ಚಾಗಿ ಮುರಿದದ್ದನ್ನು ಮಕ್ಕಳು ಇಲ್ಲಿ ರಿಟರ್ನ್ ಸಲ್ಲಿಸಿ ಹಿಂದಕ್ಕೆ ಪಡೆಯಬೇಕಾಗುತ್ತದೆ.

ಮುಂದೆ ಮಾರಿದರೆ

ದಾನವನ್ನು ಮಾರಾಟವೆಂದು ಪರಿಗಣಿಸುವುದಿಲ್ಲ. ಆದರೆ ಮಕ್ಕಳು ಮುಂದೆ ಮಾರುವಾಗ ತಂದೆಗೆ ಬಿದ್ದ ಅಸಲು ಬೆಲೆಯೇ ಅವರ ಅಸಲು. ತಂದೆ ಹೊಂದಿದ್ದ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. 2001ರ ಏಪ್ರಿಲ್ 1ಕ್ಕಿಂತ ಮೊದಲಿನ ಆಸ್ತಿಯಾದರೆ ಆ ದಿನದ ಮೌಲ್ಯವನ್ನು ತೆಗೆದುಕೊಳ್ಳಬಹುದು. 2024ರ ಜುಲೈ 23ರಿಂದ ದೀರ್ಘಾವಧಿ ಲಾಭದ ಮೇಲೆ ತೆರಿಗೆ ಶೇ. 12.5. ಆದುದರಿಂದ ಹಳೆಯ ಕ್ರಯಪತ್ರ, ಕಟ್ಟಡದ ಖರ್ಚಿನ ರಶೀದಿಗಳನ್ನು ದಾನಪತ್ರದ ಜೊತೆಗೇ ಮಕ್ಕಳಿಗೆ ಒಪ್ಪಿಸಿರಿ.

ವೀಲುನಾಮೆ ಸಾಕಲ್ಲವೇ?

ಬಹಳ ಕುಟುಂಬಗಳಿಗೆ ಸಾಕು. 1985ರಲ್ಲಿ ಮರಣ ಸುಂಕ ರದ್ದಾದ ಮೇಲೆ ಉತ್ತರಾಧಿಕಾರದಿಂದ ಬಂದ ಆಸ್ತಿಗೆ ತೆರಿಗೆ ಇಲ್ಲ. ವೀಲುನಾಮೆಯನ್ನು ಜೀವಮಾನದಲ್ಲಿ ಎಷ್ಟು ಸಲವಾದರೂ ಬದಲಾಯಿಸಬಹುದು, ಬಾಡಿಗೆಯೂ ಕೊನೆಯ ತನಕ ನಿಮ್ಮ ಕೈಯಲ್ಲೇ ಇರುತ್ತದೆ. ವೀಲುನಾಮೆ ಇಲ್ಲದಿದ್ದರೆ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ವಿಧವೆಗೆ ಮೂರನೇ ಒಂದು ಭಾಗ, ಉಳಿದದ್ದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ ಹೋಗುತ್ತದೆ.

ಇಷ್ಟಾದರೂ ಈಗಲೇ ಕೊಡಬೇಕೆಂದಿದ್ದರೆ, ಮುದಿ ವಯಸ್ಸಿನಲ್ಲಿ ನಿಮ್ಮ ಆರೈಕೆ ಮಾಡಬೇಕೆಂಬ ಷರತ್ತನ್ನು ದಾನಪತ್ರದಲ್ಲಿ ತಪ್ಪದೆ ಬರೆಸಿರಿ. ಹಿರಿಯ ನಾಗರಿಕರ 2007ರ ಕಾಯ್ದೆಯಡಿ, ಆ ಷರತ್ತು ಮುರಿದರೆ ದಾನವನ್ನು ರದ್ದುಗೊಳಿಸುವಂತೆ ಉಪವಿಭಾಗದ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಷರತ್ತೇ ಇಲ್ಲದಿದ್ದರೆ ಈ ರಕ್ಷಣೆ ಸಿಗುವುದು ಕಷ್ಟವೆಂದು 2022ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ತಿಳಿಯುತ್ತದೆ.

ಇಬ್ಬರು ಸಾಕ್ಷಿಗಳ ಸಹಿ, ನೋಂದಣಿ, ಮಕ್ಕಳ ಒಪ್ಪಿಗೆ, ಬಳಿಕ ಖಾತೆ ಬದಲಾವಣೆ ಮತ್ತು ಬಾಡಿಗೆದಾರರೊಂದಿಗೆ ಹೊಸ ಕರಾರು – ಇವಿಷ್ಟೂ ಆದಾಗಲೇ ಕೆಲಸ ಪೂರ್ತಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ಹಳೆಯ ನಮೂನೆಯ ದಾಖಲೆ ನೋಡಿ ಬರೆಸಬೇಡಿ. ಮೊದಲು ಲೆಕ್ಕಪರಿಶೋಧಕರಲ್ಲಿ ನಿಮ್ಮ ಮತ್ತು ಮಕ್ಕಳ ಆದಾಯದ ಲೆಕ್ಕ ಮಾಡಿಸಿ, ಎಲ್ಲ ಮಕ್ಕಳನ್ನೂ ಕೂರಿಸಿ ಮಾತನಾಡಿ, ಆಮೇಲೆ ವಕೀಲರ ಬಳಿಗೆ ಹೋಗಿರಿ.