ಮಳೆಯಾಗ ಸೈಕಲ್ ಸವಾರಿ: ಗಡಿಯಾರಾನೂ ಕಾಯೋದಿಲ್ಲ, ಹಳ್ಳಾನೂ ಕಾಯೋದಿಲ್ಲ

ಹಿಂದೆ ನಮ್ಮ ಊರುಗಳಲ್ಲಿ ಸೈಕಲ್ ಸಾಹಸ ಅಂದರೆ ಒಂದೇ ನಮೂನೆ. ಶಾಲೆ ಮೈದಾನದಲ್ಲೋ ಸಂತೆ ಬಯಲಿನಲ್ಲೋ ಒಬ್ಬ ಆಸಾಮಿ ಮೂರು ದಿನ, ಐದು ದಿನ, ಏಳು ದಿನ ಸೈಕಲ್ಲಿನಿಂದ ಇಳಿಯದೆ ಸುತ್ತು ಹೊಡೆಯುತ್ತಿದ್ದ. ಮೈಕಿನಲ್ಲಿ ಸಿನಿಮಾ ಹಾಡು, ರಾತ್ರಿ ಟ್ಯೂಬ್‌ಲೈಟು, ಸೈಕಲ್ ಮೇಲೇ ಸ್ನಾನ, ಸೈಕಲ್ ಮೇಲೇ ಊಟ. ನೋಡಲು ಬಂದವರು ಅವನ ಅಂಗಿಗೆ ರೂಪಾಯಿ ನೋಟು ಪಿನ್ನು ಚುಚ್ಚಿ ಹೋಗುತ್ತಿದ್ದರು. ಕೊನೇ ದಿನ ಹಾರ, ತುರಾಯಿ, ಊರ ಹಿರಿಯರ ಭಾಷಣ. ಐವತ್ತು ದಾಟಿದ ಓದುಗರಿಗೆ ಇದು ನೆನಪಿರಬೇಕು.

ಈಗಿನ ನಮೂನೆ ಬೇರೆ. ಮೈದಾನ ಬಿಟ್ಟು ಹೆದ್ದಾರಿಗೆ ಬಂದಿದೆ. ಇಪ್ಪತ್ತೋ ನಲವತ್ತೋ ಜನ ನಸುಕಿನಲ್ಲಿ ಒಟ್ಟಿಗೆ ಹೊರಡುತ್ತಾರೆ. ತಲೆಗೆ ಹೆಲ್ಮೆಟ್ಟು, ಮೈಮೇಲೆ ಮಿರಿಮಿರಿ ಹೊಳೆಯುವ ಅಂಗಿ, ಹಿಂದೆ ಕೆಂಪು ದೀಪ. ಚಹಾದಂಗಡಿಯವರು ಕೇಳುತ್ತಾರೆ: "ಯಾಕ್ರೀ, ಬಸ್ ಇರಲಿಲ್ಲೇನು?" ಬಸ್ಸಿತ್ತು. ಆದರೂ ಸೈಕಲ್ ಹೊಡೆಯುತ್ತಾರೆ. ಮಳೆ ಬಂದರೂ ಹೊಡೆಯುತ್ತಾರೆ. ಇದೇನು ಹುಚ್ಚು, ಇದರಲ್ಲಿ ಏನು ಕಟ್ಟಳೆ, ನಮ್ಮ ಯಾದಗಿರಿ-ಶಹಾಪುರ-ಸುರಪುರ ರಸ್ತೆಗೆ ಇದು ಒಗ್ಗುತ್ತದೆಯೇ ಎಂಬುದನ್ನು ಈ ಹೊತ್ತು ನೋಡೋಣ.

ಪಂದ್ಯವಲ್ಲದ ಪಂದ್ಯ

ಈ ಸವಾರಿಗೆ 'ಬ್ರೆವೆ' ಎಂದು ಹೆಸರು. ಫ್ರೆಂಚರ ಮಾತು. 1904ರಲ್ಲಿ ಹುಟ್ಟಿದ ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ಬು ಇದರ ಕಟ್ಟಳೆ ಮಾಡಿದ್ದು. ನಮ್ಮ ರಾಜ್ಯದಲ್ಲಿ ಬೆಂಗಳೂರು, ಹುಬ್ಬಳ್ಳಿಯ ಕ್ಲಬ್ಬುಗಳು ಇದನ್ನು ನಡೆಸುತ್ತ ಬಂದಿವೆ. ಇಲ್ಲಿ ಮೊದಲನೇ ಬಹುಮಾನ ಇಲ್ಲ, ಕೊನೇ ನಂಬರೂ ಇಲ್ಲ. ದೂರ ಇಷ್ಟು, ಹೊತ್ತು ಇಷ್ಟು. ಅಷ್ಟರೊಳಗೆ ಮುಗಿಸಿದವರೆಲ್ಲ ಪಾಸು. 200 ಕಿಲೋಮೀಟರಿಗೆ ಹದಿಮೂರೂವರೆ ತಾಸು. 300ಕ್ಕೆ 20 ತಾಸು. 400ಕ್ಕೆ 27. 600ಕ್ಕೆ 40. ಈ ನಾಲ್ಕನ್ನೂ ಒಂದೇ ವರ್ಷದ ಅವಧಿಯಲ್ಲಿ ಮುಗಿಸಿದವನಿಗೆ 'ಸೂಪರ್ ರಾಂಡನಿಯರ್' ಎಂಬ ಬಿರುದು. ಬಿರುದಿನ ಜೊತೆ ದುಡ್ಡಿಲ್ಲ, ನೌಕರಿಯೂ ಇಲ್ಲ.

ಸವಾರನ ಕೈಯಲ್ಲೊಂದು ಕಾರ್ಡು ಇರುತ್ತದೆ. ದಾರಿಯಲ್ಲಿ ಗೊತ್ತಾದ ಠಾಣೆಗಳಲ್ಲಿ ಅದಕ್ಕೆ ಠಸ್ಸೆ ಬೀಳಬೇಕು. ಠಸ್ಸೆ ಹಾಕುವವರು ಇಲ್ಲದ ಕಡೆ ಅಂಗಡಿಯ ಬಿಲ್ಲೋ, ಎಟಿಎಂ ಚೀಟಿಯೋ ಸಾಕ್ಷಿ. ಠಾಣೆಗೆ ಬೇಗ ಬಂದರೂ ತಪ್ಪು, ತಡವಾದರೂ ತಪ್ಪು. ಹಿಂದೆ ಜೀಪು ಇಟ್ಟುಕೊಂಡು ನೀರು, ಬಾಳೆಹಣ್ಣು ಕೊಡಿಸಿಕೊಳ್ಳುವಂತಿಲ್ಲ. ಪಂಕ್ಚರ್ ಆದರೆ ತಾನೇ ಹಾಕಿಕೊಳ್ಳಬೇಕು. ಮುಖ್ಯವಾದ ಮಾತು ಇನ್ನೊಂದಿದೆ: ಮಳೆ ಬಂತು, ಗಾಳಿ ಬೀಸಿತು ಎಂದು ಒಂದು ನಿಮಿಷವೂ ಹೆಚ್ಚಿಗೆ ಸಿಗುವುದಿಲ್ಲ. ನಮ್ಮ ವಿಷಯ ಶುರುವಾಗುವುದೇ ಇಲ್ಲಿಂದ.

ಪಡುವಣ ಗಾಳಿಯ ಲೆಕ್ಕ

ಇದನ್ನು ನಮ್ಮ ರಸ್ತೆಗೆ ಹಚ್ಚಿ ನೋಡಿ. ಯಾದಗಿರಿಯಿಂದ ಶಹಾಪುರ ಸುಮಾರು 35 ಕಿಲೋಮೀಟರು. ಅಲ್ಲಿಂದ ಸುರಪುರ ಸುಮಾರು 25. ಹೋಗಿ ಬಂದರೆ 120ರ ಆಸುಪಾಸು. ತಾಸಿಗೆ 15 ಕಿಲೋಮೀಟರಿನ ಲೆಕ್ಕ ಹಿಡಿದರೆ, ಬೆಳಿಗ್ಗೆ 6ಕ್ಕೆ ಯಾದಗಿರಿ ಬಿಟ್ಟವನು ಎಂಟೂ ಇಪ್ಪತ್ತಕ್ಕೆ ಶಹಾಪುರ, 10ಕ್ಕೆ ಸುರಪುರ, ಮಧ್ಯಾಹ್ನ 2ಕ್ಕೆ ವಾಪಸ್ಸು. ಚಹಾ, ನಾಷ್ಟಾ, ಪಂಕ್ಚರ್ ಎಲ್ಲವೂ ಇದರಲ್ಲೇ. ಕೇಳಲು ಸುಲಭ. ಹಾಲಿನ ಕ್ಯಾನು ಕಟ್ಟಿಕೊಂಡು ಬರುವವರೂ ಹೆಚ್ಚುಕಡಿಮೆ ಇದೇ ಜೋರಿನಲ್ಲಿ ಬರುತ್ತಾರೆ.

ಆದರೆ ಆಷಾಢ-ಶ್ರಾವಣದಲ್ಲಿ ಲೆಕ್ಕ ಬದಲು. ಭೀಮಾ ಸೇತುವೆ ದಾಟಿ ದೋರನಹಳ್ಳಿ ದಾರಿ ಹಿಡಿದರೆ ರಸ್ತೆ ಪಡುವಣಕ್ಕೆ ಮುಖ ಮಾಡುತ್ತದೆ. ಶಹಾಪುರ ಬಿಟ್ಟು ಹತ್ತಿಗುಡೂರ ಕಡೆ ಹೊರಟರೆ ತೆಂಕಣ ದಿಕ್ಕು. ಮಳೆಗಾಲದ ಗಾಳಿ ಬೀಸುವುದು ನೈಋತ್ಯದಿಂದ. ಅಂದರೆ ಹೋಗುವಷ್ಟೂ ದಾರಿ ಗಾಳಿ ಎದೆಗೇ ಹೊಡೆಯುತ್ತದೆ. ತಾಸಿಗೆ 20 ಕಿಲೋಮೀಟರ್ ತುಳಿಯುವವನ ಮುಖಕ್ಕೆ 20 ಕಿಲೋಮೀಟರಿನ ಗಾಳಿ ಎದುರಾದರೆ, ಗಾಳಿಯ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತದೆ. ಸೈಕಲ್ ನಿಂತ ಹಾಗೇ ಅನ್ನಿಸುತ್ತದೆ. ಬರುವಾಗ ಅದೇ ಗಾಳಿ ಬೆನ್ನಿಗೆ ಕೈಕೊಟ್ಟು ತಳ್ಳುತ್ತದೆ. ಹೋಗುವಾಗ ದಮ್ಮು ಪೂರಾ ಖರ್ಚು ಮಾಡಿದವನಿಗೆ ಮಾತ್ರ ಆ ಉಪಕಾರವೂ ರುಚಿಸುವುದಿಲ್ಲ.

ಅದಕ್ಕೇ ಗುಂಪು ಬೇಕು. ಒಬ್ಬನ ಹಿಂದೆ ಒಬ್ಬ ಸಾಲಾಗಿ ಹೋದರೆ ಹಿಂದಿನವನಿಗೆ ಶ್ರಮದಲ್ಲಿ ಕಾಲು ಭಾಗದಷ್ಟಾದರೂ ಉಳಿತಾಯ. ಮುಂದಿನವನು ಎರಡು ಮೂರು ನಿಮಿಷ ಗಾಳಿ ತಿಂದು ಪಕ್ಕಕ್ಕೆ ಸರಿದು ಹಿಂದೆ ಬರುತ್ತಾನೆ, ಎರಡನೆಯವನು ಮುಂದಾಗುತ್ತಾನೆ. ಎಡೆ ಹೊಡೆಯುವವರು ಎತ್ತು ಬದಲಿಸಿದ ಹಾಗೆ. ಎಂದೂ ಮುಂದೆ ಬಾರದೆ ಹಿಂದೆಯೇ ಅಡಗಿ ಕೂರುವ ಗಿರಾಕಿ ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ. ಅವನನ್ನು ಎಲ್ಲರೂ ಗುರುತಿಟ್ಟುಕೊಂಡಿರುತ್ತಾರೆ!

ಮಳೆ ಬಂದರೆ ಈ ಲಾಭಕ್ಕೂ ಕತ್ತರಿ. ಮುಂದಿನ ಗಾಲಿಯ ಕೆಸರು ನೀರು ನೇರ ಹಿಂದಿನವನ ಕಣ್ಣಿಗೆ. ಒದ್ದೆ ರಸ್ತೆಯಲ್ಲಿ ಬ್ರೇಕು ತಡವಾಗಿ ಹಿಡಿಯುತ್ತದೆ. ಹೀಗಾಗಿ ನಡುವೆ ಒಂದು ಸೈಕಲ್ಲಿನಷ್ಟು ಜಾಗ ಇದ್ದದ್ದು ಮೂರು ನಾಲ್ಕು ಸೈಕಲ್ಲಿನಷ್ಟಾಗಬೇಕು. ಮನೆಯಲ್ಲಿರುವ ಹಳೇ ಕರೀ ಸೈಕಲ್ಲಿನವರಿಗೆ ಒಂದು ಕಿವಿಮಾತು: ಉಕ್ಕಿನ ರಿಮ್ಮು, ರಬ್ಬರ್ ಬ್ರೇಕು ಎರಡೂ ತೋಯ್ದರೆ ಬ್ರೇಕು ಇದ್ದೂ ಇಲ್ಲದ ಹಾಗೆ. ಮೊದಲ ಕೆಲವು ಸುತ್ತು ಅದು ನೀರು ಒರೆಸುವುದರಲ್ಲೇ ಹೋಗುತ್ತದೆ. ಇಳಿಜಾರಿಗೆ ಮುಂಚೆಯೇ ಮೆಲ್ಲಗೆ ಹಿಡಿದು ರಿಮ್ಮು ಒಣಗಿಸಿಕೊಳ್ಳಬೇಕು.

ಎರೆ ಮಣ್ಣಿನ ಸಾಲ

ನಮ್ಮ ಎರೆ ಮಣ್ಣಿನ ಗುಣ ಹೊರಗಿನಿಂದ ಬಂದವರಿಗೆ ಗೊತ್ತಿರುವುದಿಲ್ಲ. ಲಾರಿಗೆ ಜಾಗ ಬಿಡಲೆಂದು ಡಾಂಬರು ಬಿಟ್ಟು ಹತ್ತು ಹೆಜ್ಜೆ ಇಳಿದರೆ ಸಾಕು. ಮಡ್‌ಗಾರ್ಡಿಗೂ ಟಯರಿಗೂ ನಡುವೆ ಮಣ್ಣು ಮೆತ್ತಿ ಗಾಲಿ ತಿರುಗುವುದೇ ಇಲ್ಲ. ಆಮೇಲೆ ಸೈಕಲ್ಲಿನ ಮೇಲೆ ಮನುಷ್ಯ ಅಲ್ಲ, ಮನುಷ್ಯನ ಹೆಗಲ ಮೇಲೆ ಸೈಕಲ್ಲು. ಹೊಲಕ್ಕೆ ಹೋಗುವವರು ಇದನ್ನು ತಿಳಿದೇ ಕೈಯಲ್ಲೊಂದು ಕಡ್ಡಿ ಇಟ್ಟುಕೊಂಡಿರುತ್ತಾರೆ. ಡಾಂಬರಿನ ಮೇಲೆ ಮಡ್‌ಗಾರ್ಡು ಬೇಕು, ಎರೆಯಲ್ಲಿ ಅದೇ ವೈರಿ. ಎರಡೂ ಇರುವ ದಾರಿಯಲ್ಲಿ ಡಾಂಬರು ಬಿಡದಿರುವುದೇ ಜಾಣತನ.

ಮೈ ಪೂರಾ ತೋಯ್ದು ಗಾಳಿಗೆ ಸಿಕ್ಕಿದರೆ ನಮ್ಮ ಬಿಸಿಲ ನಾಡಿನಲ್ಲೂ ಚಳಿ ಹಿಡಿಯುತ್ತದೆ. ತುಳಿಯುವಾಗ ಗೊತ್ತಾಗುವುದಿಲ್ಲ, ಚಹಾಕ್ಕೆ ನಿಂತಾಗ ಹಲ್ಲು ಕಟಕಟ. ಕುರುಬರ ಕಂಬಳಿ, ರೈತರ ಗೊಬ್ಬರ ಚೀಲದ ಕೊಪ್ಪೆ ಸುಮ್ಮನೆ ಹುಟ್ಟಿದ್ದಲ್ಲ. ಸೈಕಲ್ಲಿನವರು ಎದೆಗೆ ಗಾಳಿ ಹೊಗದಂಥ ತೆಳು ಕೋಟು ಹಾಕುತ್ತಾರೆ, ಪ್ಲಾಸ್ಟಿಕ್ ಚೀಲದಲ್ಲಿ ಒಂದು ಒಣ ಬನಿಯನ್ನು ಇಟ್ಟಿರುತ್ತಾರೆ. ಹಸಿವಾಗುವ ಮುಂಚೆಯೇ ತಿನ್ನುತ್ತಾರೆ. ಅದಕ್ಕೆ ವಿಲಾಯತಿ ಬಿಸ್ಕೀಟೇ ಬೇಕೆಂದಿಲ್ಲ. ಶೇಂಗಾ-ಬೆಲ್ಲ, ರೊಟ್ಟಿ, ಬಾಳೆಹಣ್ಣು ನಡೆಯುತ್ತದೆ. ಮಿರ್ಚಿ ಭಜಿ ಮಾತ್ರ ವಾಪಸ್ಸು ಬಂದ ಮೇಲೆ.

ಇಳಿಯುವುದಕ್ಕೂ ಧೈರ್ಯ ಬೇಕು

ಇನ್ನು ಅಸಲು ಮಾತಿಗೆ ಬರೋಣ. ಈ ಸವಾರಿಯಲ್ಲಿ ಕಾಲಿನ ಪರೀಕ್ಷೆಗಿಂತ ಬುದ್ಧಿಯ ಪರೀಕ್ಷೆ ದೊಡ್ಡದು. ಬ್ರೆವೆ ಸವಾರರಿಗೆ ಕುಂಭಮೇಳ ಇದ್ದ ಹಾಗೆ ಒಂದಿದೆ: ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್. 1891ರಲ್ಲಿ ಶುರುವಾದದ್ದು. ಈಗ ನಾಲ್ಕು ವರ್ಷಕ್ಕೊಮ್ಮೆ, 1200 ಕಿಲೋಮೀಟರು, 90 ತಾಸು. 2007ರಲ್ಲಿ ಅಲ್ಲಿ ಬಿಟ್ಟೂಬಿಡದೆ ಮಳೆ, ಎದುರು ಗಾಳಿ. ವರ್ಷಗಟ್ಟಲೆ ತಯಾರಾಗಿ ಬಂದವರಲ್ಲೇ ಹತ್ತರಲ್ಲಿ ಸುಮಾರು ಮೂರು ಜನ ಅರ್ಧ ದಾರಿಗೇ ಕೈಬಿಟ್ಟರು. 2019ರಲ್ಲಿ ನಮ್ಮ ದೇಶದಿಂದಲೂ ನೂರಾರು ಜನ ಹೋಗಿದ್ದರು. ಎದುರು ಗಾಳಿ, ಕೊರೆಯುವ ರಾತ್ರಿ. ಮುಗಿಸಿದವರಿಗಿಂತ ಮುಗಿಸಲಾಗದೆ ಬಂದವರೇ ಹೆಚ್ಚು. ಯಾರೂ ಅವರನ್ನು ನಕ್ಕಿಲ್ಲ. ಬ್ರೆವೆಯವರ ಲೆಕ್ಕದಲ್ಲಿ 'ಮುಗಿಸಲಿಲ್ಲ' ಎಂಬುದು ಒಂದು ಷರಾ ಅಷ್ಟೆ, ಕಳಂಕ ಅಲ್ಲ.

ಕೈಬಿಡುವುದು ತಡವಾದರೆ ಏನಾಗುತ್ತದೆ? ಇದು ಸೈಕಲ್ಲಿನ ಕಥೆ ಅಲ್ಲ, ಓಟದ ಕಥೆ, ಆದರೂ ಹೇಳಬೇಕು. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತದ ಗುಡ್ಡಗಾಡಿನಲ್ಲಿ 100 ಕಿಲೋಮೀಟರಿನ ಓಟ ನಡೆಯಿತು. 172 ಜನ ಓಡಿದರು. ಮಧ್ಯದಲ್ಲಿ ಹವೆ ಏಕಾಏಕಿ ಕೆಟ್ಟು ಆಲಿಕಲ್ಲು, ಹಿಮದಂಥ ಮಳೆ, ಬಿರುಗಾಳಿ. ಹೆಚ್ಚಿನವರ ಮೈಮೇಲೆ ಇದ್ದದ್ದು ತೆಳು ಅಂಗಿ, ಚಡ್ಡಿ. 21 ಜನ ಸತ್ತರು. ಅವರಲ್ಲಿ ದೇಶಕ್ಕೇ ಹೆಸರಾದ ಓಟಗಾರರೂ ಇದ್ದರು. ಅದೇ ಗುಡ್ಡದಲ್ಲಿ ಕುರಿ ಕಾಯುತ್ತಿದ್ದವನೊಬ್ಬ ಆರು ಜನರನ್ನು ತನ್ನ ಗುಹೆಗೆ ಕರೆದೊಯ್ದು ಬೆಂಕಿ ಹಾಕಿ, ಹೊದಿಕೆ ಹೊದಿಸಿ ಉಳಿಸಿದ. ಮೈಕು, ಬ್ಯಾನರು, ಪದಕ ಎಲ್ಲ ಇದ್ದ ಕಾರ್ಯಕ್ರಮದಲ್ಲಿ ಕೊನೆಗೆ ಕೈಹಿಡಿದದ್ದು ಕುರಿಗಾಹಿ.

ನಮ್ಮಲ್ಲಿ ಹಿಮ ಬೀಳುವುದಿಲ್ಲ ನಿಜ. ನಮ್ಮ ಗಂಡಾಂತರ ಎರಡು: ಸಿಡಿಲು ಮತ್ತು ಹಳ್ಳ. ತೊಗರಿ, ಹತ್ತಿ ಹೊಲಗಳ ನಡುವಿನ ಬಯಲು ರಸ್ತೆಯಲ್ಲಿ ಸೈಕಲ್ ಮೇಲೆ ಕೂತವನೇ ಎತ್ತರದ ಆಳು. ಮಿಂಚು ಕಂಡು ಗುಡುಗು ಕೇಳಲು ಮೂರು ಸೆಕೆಂಡು ಹಿಡಿದರೆ ಸಿಡಿಲು ಒಂದು ಕಿಲೋಮೀಟರು ದೂರ ಬಿದ್ದಿದೆ ಎಂದರ್ಥ. ಅದು ಕಡಿಮೆ ಆಗುತ್ತ ಬಂದರೆ ಸವಾರಿ ಬಂದ್. ಗಿಡದ ಕೆಳಗೆ ನಿಲ್ಲಬಾರದು. ಪಕ್ಕಾ ಕಟ್ಟಡದ ಒಳಗೆ ಸೇರಬೇಕು. ಕೊನೇ ಗುಡುಗು ಕೇಳಿ ಅರ್ಧ ತಾಸು ಆಗುವವರೆಗೆ ಹೊರಗೆ ಕಾಲಿಡಬಾರದು. ಹೌದು, ಆ ಅರ್ಧ ತಾಸು ಗಡಿಯಾರದಲ್ಲಿ ಹೋಗುತ್ತದೆ. ಹೋಗಲಿ.

ಹಳ್ಳದ ಮಾತು ಇನ್ನೂ ಸೂಕ್ಷ್ಮ. ಮೇಲಿನ ಕಡೆ ಮಳೆಯಾದರೆ ಇಲ್ಲಿ ಮೋಡವೇ ಇಲ್ಲದೆ ನೀರು ಬರುತ್ತದೆ. ಭೀಮೆಗೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ, ಕೃಷ್ಣೆಗೆ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆ ನಮ್ಮ ಪಾಡು ಏನೆಂದು 2009ರಲ್ಲಿ, 2019ರಲ್ಲಿ, 2020ರ ಅಕ್ಟೋಬರಿನಲ್ಲಿ ಕಂಡವರೇ ನಾವು. 2019ರ ಆಗಸ್ಟಿನಲ್ಲಿ ದೇವದುರ್ಗದ ಕಡೆಗಿನ ಕೊಳ್ಳೂರು ಸೇತುವೆ ಮುಳುಗಿ ರಾಯಚೂರು ಜಿಲ್ಲೆಯ ಸಂಪರ್ಕವೇ ಕಡಿದಿತ್ತು. ಹರಿಯುವ ನೀರು ಮೊಳಕಾಲಿಗೆ ಬಂದರೆ ಗಟ್ಟಿ ಆಳನ್ನೂ ಎತ್ತಿ ಒಗೆಯುತ್ತದೆ. ಸೈಕಲ್ ಕೈಯಲ್ಲಿದ್ದರೆ ಇನ್ನೂ ಬೇಗ. ಗುಂಪಿನಲ್ಲಿ ಒಬ್ಬ ಹುಂಬ ದಾಟಿಬಿಟ್ಟನೆಂದರೆ ಉಳಿದವರಿಗೂ ಮೀಸೆ ಮೇಲೆ ಕೈ ಹೋಗುತ್ತದೆ. ಅಂಥ ಹೊತ್ತಿನಲ್ಲಿ "ನಾ ಬರಂಗಿಲ್ಲ, ನೀವೂ ಹೋಗಬ್ಯಾಡ್ರಿ" ಎನ್ನುವವನೇ ಆ ಗುಂಪಿನ ನಿಜವಾದ ಗಂಡಸು.

ನಮ್ಮ ಊರಿನಲ್ಲಿ ಮಾಡುವುದಾದರೆ

ಪಕ್ಕದ ವಿಜಯಪುರ ಜಿಲ್ಲೆ ಸೈಕ್ಲಿಂಗ್‌ಗೆ ಹೆಸರುವಾಸಿ. ಅದೇ ಬಿಸಿಲು, ಅದೇ ಜೋಳದ ರೊಟ್ಟಿ ತಿಂದ ಹುಡುಗರು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಪುಕ್ಕಟೆ ಸೈಕಲ್ ಕೊಡಲು ಶುರುಮಾಡಿದಾಗ ನಮ್ಮ ಹಳ್ಳಿಗಳ ಎಷ್ಟೋ ಹುಡುಗಿಯರು ಅದನ್ನು ಹತ್ತಿಯೇ ಹೈಸ್ಕೂಲು ಮುಗಿಸಿದರು. ಮಳೆಯಲ್ಲಿ ಪುಸ್ತಕದ ಚೀಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತುಳಿದ ಆ ಮಕ್ಕಳಿಗೆ ಯಾರೂ ಠಸ್ಸೆ ಹಾಕಲಿಲ್ಲ. ಅಂದಮೇಲೆ ಸೈಕಲ್ ನಮಗೆ ಹೊಸದಲ್ಲ.

ಮೂರು ಊರಿನ ಹುಡುಗರು ಸೇರಿ ಒಂದು ಸವಾರಿ ಇಟ್ಟುಕೊಳ್ಳುವುದಾದರೆ ಖರ್ಚು ದೊಡ್ಡದಲ್ಲ. ಹೊರಟವರ ಪಟ್ಟಿ ಬರೆದಿಡಿ. ಬಂದವರ ಹೆಸರಿಗೆ ಗೀಟು ಹಾಕಿ. ಗೀಟು ಬೀಳದ ಹೆಸರು ಒಂದಿದ್ದರೂ ಯಾರೂ ಮನೆಗೆ ಹೋಗಬೇಡಿ. ಠಾಣೆಗೂ ಆಸ್ಪತ್ರೆಗೂ ಮುಂಚೆಯೇ ತಿಳಿಸಿ. ಎಲ್ಲರಿಗಿಂತ ಹಿಂದೆ ಒಬ್ಬ ಅನುಭವಸ್ಥ ಇರಲಿ. ನಸುಕಾಗಲಿ ಮಬ್ಬಾಗಲಿ ಹಿಂದೆ ಕೆಂಪು ದೀಪ ಇಲ್ಲದವನನ್ನು ಹೊರಡಲು ಬಿಡಬೇಡಿ. ಹಿಂದೆ ದೀಪವೇ ಇಲ್ಲದ ಟ್ರಾಕ್ಟರ್ ಟ್ರೇಲರುಗಳ ನಡುವೆ ಕಾಣದ ಸೈಕಲ್ಲು ಸೇರಿದರೆ ಕೇಳಬೇಕೇ? ಮತ್ತು ಸವಾರಿ ನಿಲ್ಲಿಸುವ ಅಧಿಕಾರ ಯಾರದು ಎಂಬುದನ್ನು ಹೊರಡುವ ಮುಂಚೆಯೇ ಗೊತ್ತುಮಾಡಿ. ಮಳೆಯಲ್ಲಿ ನಿಂತು ಚರ್ಚೆ ಆಗುವುದಿಲ್ಲ.

ಬಸ್ಸಿನ ಕಿಟಕಿಯಿಂದ ನೋಡುವವರಲ್ಲಿ ಒಂದು ವಿನಂತಿ. ತೋಯ್ದ ಸಾಲೊಂದು ಕಂಡರೆ ಚಾಲಕರಿಗೆ "ಸ್ವಲ್ಪ ಬಾಜೂಕ ತಗೋರಿ ಸಾಹೇಬ್ರ" ಎನ್ನಿ. ನಾಲ್ಕೈದು ಅಡಿ ಬಿಟ್ಟು ದಾಟಿದರೆ ಸಾಕು. ಬಸ್ಸಿನ ಗಾಳಿ ಹೊಡೆತಕ್ಕೇ ಸೈಕಲ್ಲು ತೂರಾಡುತ್ತದೆ.

ಅಂಗಡಿಯವರೇ, ನಿಮ್ಮ ಪಾಲಿನ ಕೆಲಸವೂ ಇದೆ. ನೀರಿಳಿಯುವ ಮನುಷ್ಯನೊಬ್ಬ ಬಂದು ಒಂದು ಚಹಾ ಕುಡಿದು "ಬಿಲ್ ಕೊಡ್ರಿ" ಅಂದರೆ ನಗಬೇಡಿ. ಚೀಟಿ ಹರಿದು ಊರ ಹೆಸರು, ತಾರೀಖು, ಹೊತ್ತು ಬಿಡಿಸಿ ಬರೆದು ಕೊಡಿ. ಮುಂದೆ ಹಳ್ಳ ಬಂದಿದ್ದರೆ ಅದನ್ನೂ ಹೇಳಿ, ಒಳಗೆ ಬೆಂಚಿನ ಮೇಲೆ ಜಾಗ ಮಾಡಿ ಕೂಡಿಸಿ.