ದತ್ತಾಂಶದ ಶಾಶ್ವತ ಅಳಿಸುವಿಕೆ

ದತ್ತಾಂಶದ ಶಾಶ್ವತ ಅಳಿಸುವಿಕೆ ಎಂದರೆ ಗಣಕಯಂತ್ರದ ಹಾರ್ಡ್ ಡಿಸ್ಕ್ ಅಥವಾ ಇತರ ಶೇಖರಣಾ ಸಾಧನದಲ್ಲಿರುವ ಮಾಹಿತಿಯನ್ನು ಮರಳಿ ಪಡೆಯಲಾಗದಂತೆ ಇಲ್ಲವಾಗಿಸುವ ಕ್ರಿಯೆ. ಕಡತವನ್ನು ಸಾಮಾನ್ಯವಾಗಿ ಅಳಿಸುವುದಕ್ಕಿಂತ ಇದು ಭಿನ್ನವಾದುದು. ಹಳೆಯ ಗಣಕಯಂತ್ರವನ್ನು ಮಾರುವಾಗ, ದಾನ ಮಾಡುವಾಗ ಅಥವಾ ಗುಜರಿಗೆ ಹಾಕುವಾಗ ಬ್ಯಾಂಕ್ ವಿವರ, ಗುರುತಿನ ಚೀಟಿಗಳ ಪ್ರತಿ, ಛಾಯಾಚಿತ್ರ ಮೊದಲಾದವು ಅನ್ಯರ ಕೈಸೇರದಿರಲು ಇದು ಅಗತ್ಯ.

ಅಳಿಸಿದ ಕಡತ ಉಳಿಯುವ ಬಗೆ

ರೀಸೈಕಲ್ ಬಿನ್‌ಗೆ ಹಾಕಿದ ಕಡತವು ಕೇವಲ ಸ್ಥಳ ಬದಲಿಸಿರುತ್ತದೆ. ಅದನ್ನು ಖಾಲಿ ಮಾಡಿದಾಗಲೂ ಕಾರ್ಯಾಚರಣಾ ವ್ಯವಸ್ಥೆಯು ಕಡತಗಳ ಪಟ್ಟಿಯಲ್ಲಿರುವ ನಮೂದನ್ನು ರದ್ದುಪಡಿಸಿ, ಆ ಜಾಗವನ್ನು ಖಾಲಿ ಎಂದು ಗುರುತಿಸುತ್ತದೆ. ಪುಸ್ತಕದ ಪರಿವಿಡಿಯಲ್ಲಿ ಅಧ್ಯಾಯದ ಹೆಸರನ್ನು ಹೊಡೆದುಹಾಕಿದರೂ ಪುಟಗಳು ಉಳಿಯುವಂತೆ, ಹಾರ್ಡ್ ಡಿಸ್ಕ್‌ನ ಆ ಜಾಗದಲ್ಲಿ ಹೊಸ ಮಾಹಿತಿ ಬರೆಯುವವರೆಗೆ ಹಳೆಯದು ಇದ್ದೇ ಇರುತ್ತದೆ. ಕ್ವಿಕ್ ಫಾರ್ಮ್ಯಾಟ್‌ನಲ್ಲಿಯೂ ಬಹುಮಟ್ಟಿಗೆ ಹೀಗೆಯೇ ಆಗುತ್ತದೆ. ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾರಾಟವಾದ ಹಳೆಯ ಡಿಸ್ಕ್‌ಗಳ ಪೈಕಿ ಓದಲು ಸಾಧ್ಯವಾದ 129ರಲ್ಲಿ 12 ಮಾತ್ರ ಸರಿಯಾಗಿ ಅಳಿಸಲ್ಪಟ್ಟಿದ್ದವು.

ವಿಧಾನಗಳು

ಹಾರ್ಡ್ ಡಿಸ್ಕ್‌ಗೆ ಸೂಕ್ತವಾದ ವಿಧಾನವೆಂದರೆ ಹಳೆಯ ಮಾಹಿತಿಯ ಮೇಲೆ ಸೊನ್ನೆಗಳನ್ನಾಗಲಿ ಯಾದೃಚ್ಛಿಕ ಅಂಕಿಗಳನ್ನಾಗಲಿ ಬರೆಯುವುದು. ಲಿನಕ್ಸ್‌ನ ಶ್ರೆಡ್ ಆದೇಶವು ನಿರ್ದಿಷ್ಟ ಕಡತದ ಮೇಲೆ ಬರೆದರೆ, ವಿಂಡೋಸ್‌ನ ಸೈಫರ್ ಆದೇಶವು ಡಿಸ್ಕ್‌ನ ಖಾಲಿ ಜಾಗದ ಮೇಲೆ ಬರೆಯಬಲ್ಲದು. ಪೀಟರ್ ಗುಟ್‌ಮನ್ 1996ರಲ್ಲಿ 35 ಬಾರಿ ಬರೆಯುವ ಕ್ರಮವನ್ನು ಸೂಚಿಸಿದ್ದರು. ಅದು ಅಂದಿನ ಹಲವು ಬಗೆಯ ಡಿಸ್ಕ್‌ಗಳನ್ನು ಲಕ್ಷಿಸಿದ್ದುದು. ಇಂದಿನ ಹಾರ್ಡ್ ಡಿಸ್ಕ್‌ಗಳಿಗೆ ಸಾಮಾನ್ಯವಾಗಿ ಒಂದು ಬಾರಿ ಸಂಪೂರ್ಣವಾಗಿ ಬರೆದರೆ ಸಾಕೆಂಬುದು ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ 2014ರ ಮಾರ್ಗಸೂಚಿಯ ನಿಲುವು.

ಎಸ್‌ಎಸ್‌ಡಿಗಳಲ್ಲಿ ಈ ವಿಧಾನವನ್ನು ನಂಬುವಂತಿಲ್ಲ. ಕೋಶಗಳು ಬೇಗನೆ ಸವೆಯದಿರಲೆಂದು ಅವುಗಳ ನಿಯಂತ್ರಕವು ಹೊಸ ಮಾಹಿತಿಯನ್ನು ಬೇರೆಡೆ ಬರೆಯುವುದರಿಂದ ಹಳೆಯ ಪ್ರತಿ ಉಳಿದಿರಬಹುದು. ಆದುದರಿಂದ ತಯಾರಕರು ಒದಗಿಸುವ ಸೆಕ್ಯೂರ್ ಇರೇಸ್ ಸೌಲಭ್ಯವನ್ನು ಬಳಸಬೇಕು. ಮೊದಲಿನಿಂದಲೇ ಇಡೀ ಡಿಸ್ಕನ್ನು ಗೂಢಲಿಪಿಯಲ್ಲಿರಿಸಿದ್ದರೆ ಕೀಲಿಯನ್ನು ನಾಶಪಡಿಸಿದರೆ ಸಾಕು. ಪ್ರಬಲ ಕಾಂತಕ್ಷೇತ್ರವು ಹಾರ್ಡ್ ಡಿಸ್ಕನ್ನು ಅಳಿಸುತ್ತದೆ, ಎಸ್‌ಎಸ್‌ಡಿಯನ್ನಲ್ಲ. ಕೆಟ್ಟುಹೋದ ಸಾಧನಗಳನ್ನು ಪುಡಿಮಾಡುವುದು ಕೊನೆಯ ಮಾರ್ಗ. ಯಾವ ವಿಧಾನವೂ ಪೆನ್ ಡ್ರೈವ್‌ನಲ್ಲಿ ಅಥವಾ ಅಂತರಜಾಲದ ಶೇಖರಣೆಯಲ್ಲಿ ಉಳಿದ ಪ್ರತಿಗಳನ್ನು ಅಳಿಸುವುದಿಲ್ಲ.

ಭಾರತದಲ್ಲಿ ಕಾನೂನು

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಗೆ ಸಂಬಂಧಿಸಿದಂತೆ, ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಅನಂತರ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ತನ್ನ ವೈಯಕ್ತಿಕ ದತ್ತಾಂಶವನ್ನು ಅಳಿಸುವಂತೆ ಕೋರುವ ಹಕ್ಕನ್ನು ವ್ಯಕ್ತಿಗೆ ನೀಡುತ್ತದೆ. ಬೇರೆ ಕಾನೂನಿನಂತೆ ಉಳಿಸಿಕೊಳ್ಳಬೇಕಾದ ಮಾಹಿತಿಗೆ ಇದು ಅನ್ವಯಿಸದು. ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಬೇಕಾದ ವಿದ್ಯುನ್ಮಾನ ದಾಖಲೆಯನ್ನು ಅದನ್ನು ತಡೆಯುವ ಉದ್ದೇಶದಿಂದ ಅಳಿಸುವುದು ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಮಿನಂತೆ ಶಿಕ್ಷಾರ್ಹ ಅಪರಾಧ.